ನವಣೆ ಉಂಡ ಮಾತ್ರಕ್ಕೆ ಚಳವಳಿಯಾಗದು

ಬೆಂಗಳೂರಿನ ಸಿರಿಧಾನ್ಯ ಮೇಳಗಳಿಗೆ ತಪ್ಪದೆ ಹೋಗುವವರಲ್ಲಿ ಅನೇಕರು ತಮ್ಮದು ‘ಸಾವಯವ ಚಳವಳಿ’ ಎನ್ನುತ್ತಾರೆ. ನವಣೆ ಅನ್ನ ಉಣ್ಣುತ್ತಾರೆ, ಗಾಣದ ಎಣ್ಣೆ ತರಿಸುತ್ತಾರೆ, ಬಟ್ಟೆ ಚೀಲ ಹಿಡಿಯುತ್ತಾರೆ. ಒಳ್ಳೆಯದೇ. ಆದರೆ ಬಳ್ಳಾರಿ ಸೀಮೆಯ ರೂಪನಗುಡಿಯ ಎರೆಹೊಲದ ಕಡೆಯಿಂದ ನೋಡಿದರೆ ಆ ಹೆಸರು ಭಾರವೆನಿಸುತ್ತದೆ. ಅಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವ ಸಣ್ಣ ರೈತ ಬೀಜ, ಗೊಬ್ಬರ, ಔಷಧಿ ಮೂರನ್ನೂ ಎಷ್ಟೋ ಸಲ ಒಂದೇ ಅಂಗಡಿಯಲ್ಲಿ ಉದ್ದರಿ ತರುತ್ತಾನೆ. ಮಾಲು ಮಾರಿದ ಮೇಲೆ ಬಡ್ಡಿ ಸಮೇತ ತೀರಿಸುತ್ತಾನೆ. ಪೇಟೆಯವರ ತಟ್ಟೆ ಬದಲಾದರೂ ಆ ಉದ್ದರಿ ಪುಸ್ತಕದ ಒಂದು ಸಾಲೂ ಬದಲಾಗಿಲ್ಲ. ಒಂದು ಜೀವನಕ್ರಮ ಚಳವಳಿಯಾಗುವುದು, ಅದನ್ನು ಪಾಲಿಸುವವರು ತಮ್ಮ ಗುಂಪಿಗೆ ಸೇರದವರ ಪರವಾಗಿಯೂ ಅಧಿಕಾರದ ಮುಂದೆ ಹಕ್ಕೊತ್ತಾಯ ಇಟ್ಟಾಗ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಬಳ್ಳಾರಿ ಜಿಲ್ಲೆಯಲ್ಲೇ ಇದೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೂ ತನ್ನದೇ ಜೀವನಕ್ರಮವಿತ್ತು: ಹೆಗಲ ಮೇಲೆ ಹಸಿರು ಶಾಲು, ಪುರೋಹಿತರಿಲ್ಲದ ಸರಳ ಮದುವೆ, ಸಾಲ ಮಾಡಿ ಊಟ ಹಾಕುವ ಪ್ರತಿಷ್ಠೆಗೆ ವಿದಾಯ. ಅಷ್ಟಕ್ಕೇ ನಿಂತಿದ್ದರೆ ಅದೊಂದು ಸಜ್ಜನರ ಕೂಟವಾಗಿರುತ್ತಿತ್ತು. ಸಂಘ ಅಲ್ಲಿಗೆ ನಿಲ್ಲಲಿಲ್ಲ. ಬೀಜ ಯಾರ ಸ್ವತ್ತು ಎಂದು ಕೇಳಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದೇ ಕಂಪನಿಯ ಬೀಜ ಘಟಕವನ್ನು ಕೆಡವಿತು. ಕೆಡವಿದ್ದು ಸರಿಯೇ ಎಂಬುದು ಬೇರೆ ಚರ್ಚೆ. ನನಗಂತೂ ಅದು ಒಪ್ಪಿಗೆಯಿಲ್ಲ. ಆದರೆ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಎತ್ತಿದ ಬೀಜದ ಪ್ರಶ್ನೆ ಹಸಿರು ಶಾಲು ಹೊದೆಯದ ರೈತನದೂ ಆಗಿತ್ತು.

ಬದುಕುವ ರೀತಿಯೇ ರಾಜಕೀಯ, ಖಾದಿ ಉಟ್ಟದ್ದೇ ಹೋರಾಟವಾಗಲಿಲ್ಲವೇ ಎಂದು ಕೆಲವರು ಕೇಳಬಹುದು. 1921ರ ಸೆಪ್ಟೆಂಬರಿನಲ್ಲಿ ಮಧುರೈಯಲ್ಲಿ ತುಂಡುಬಟ್ಟೆ ಉಟ್ಟ ಗಾಂಧೀಜಿ ಕೆಲವೇ ದಿನಗಳಲ್ಲಿ ಬಳ್ಳಾರಿ ರೈಲು ನಿಲ್ದಾಣದಲ್ಲಿ ತಂಗಿದ್ದರು. ಆ ಬಟ್ಟೆಯ ಹಿಂದೆ ವಿದೇಶಿ ವಸ್ತ್ರ ಬಹಿಷ್ಕಾರವಿತ್ತು, ಅಸಹಕಾರವಿತ್ತು, ಸ್ವರಾಜ್ಯದ ಬೇಡಿಕೆಯಿತ್ತು. ಉಟ್ಟವನಿಗೆ ಜೈಲು ಕಾದಿತ್ತು. ಇಂದು ಮಳಿಗೆಯಲ್ಲಿ ರಿಯಾಯಿತಿ ದರಕ್ಕೆ ಕೊಂಡ ಖಾದಿ ಜುಬ್ಬಾ ಯಾವ ಸರ್ಕಾರದ ನಿದ್ದೆಯನ್ನೂ ಕೆಡಿಸುವುದಿಲ್ಲ. ಶರಣರ ಕತೆಯೂ ಇದೇ. ಇಷ್ಟಲಿಂಗ ಧರಿಸಿದ್ದಕ್ಕಲ್ಲ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ನಡೆದದ್ದಕ್ಕೆ ಕಲ್ಯಾಣ ಕೆರಳಿತು ಎಂದು ಪರಂಪರೆ ಹೇಳುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. 1998ರಲ್ಲಿ ರೈತ ಸಂಘ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಕಿತ್ತು ಸುಟ್ಟಿತು. 2002ರಲ್ಲಿ ಕೇಂದ್ರ ಆ ಬೀಜಕ್ಕೆ ಅನುಮತಿ ಕೊಟ್ಟಿತು. ಇಂದು ಹತ್ತಿ ಹೊಲವೆಂದರೆ ಬಹುಪಾಲು ಬಿಟಿಯೇ. ಹಾಗಾದರೆ ಬೇಡಿಕೆಯಿಂದ ಏನು ಬಂತು? ಸೋಲು ನಿಜ. ಬೆಂಕಿ ಹಚ್ಚಿದಷ್ಟು ಬಿರುಸಾಗಿ ಪರ್ಯಾಯ ಬೀಜವನ್ನು ಹೊಲಕ್ಕೆ ತಲುಪಿಸಲಾಗಲಿಲ್ಲ. ಜೀವನಕ್ರಮವನ್ನು ನಾನು ತಳ್ಳಿಹಾಕದಿರುವುದು ಇದಕ್ಕೇ. ಬೀಜ ಕಾಯುವ, ಬಿತ್ತುವ, ಉಣ್ಣುವ ರೂಢಿಯಿಲ್ಲದೆ ಘೋಷಣೆ ಬಹುಕಾಲ ಬಾಳದು. ಹಾಗಂತ ರೂಢಿಯೊಂದೇ ಸಾಕೆಂದರೆ, ಅದು ದುಡ್ಡಿದ್ದವರ ಅಡುಗೆಮನೆ ದಾಟುವುದಿಲ್ಲ.

ಸಿರಿಧಾನ್ಯದವರಿಗೆ ಕೆಲಸ ಕಣ್ಣೆದುರೇ ಇದೆ. ರಾಜ್ಯ ಸರ್ಕಾರ ‘ರೈತ ಸಿರಿ’ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇಟ್ಟಿತು. ಅದು ಬಿತ್ತನೆಗೆ ಆಸರೆ. ಬೆಳೆದದ್ದನ್ನು ನಿಶ್ಚಿತ ಬೆಲೆಗೆ ಕೊಳ್ಳುವವರು ಯಾರು? ನವಣೆ, ಸಾಮೆ ಪಡಿತರ ಅಂಗಡಿಗೂ ಶಾಲೆಯ ಬಿಸಿಯೂಟಕ್ಕೂ ಬರಲಿ, ಸರ್ಕಾರವೇ ಖರೀದಿ ಕೇಂದ್ರ ತೆರೆಯಲಿ ಎಂದು ಮೇಳಕ್ಕೆ ಬರುವವರು ಒಂದು ದಿನ ಬಳ್ಳಾರಿ ಜಿಲ್ಲಾಧಿಕಾರಿ ಕಚೇರಿ ಮುಂದೆ ರೈತರೊಡನೆ ಕೂರಲಿ. ಆಮೇಲೆ ಚಳವಳಿ ಎಂದು ಕರೆದುಕೊಳ್ಳಲು ನನ್ನ ತಕರಾರಿಲ್ಲ.