ಗಡಿ ದಾಟುವ ಲಾರಿ: ಊರಿನ ಗಾಡಿಗೆ ಬಾಡಿಗೆ ತಪ್ಪುವುದು ಯಾಕೆ?

ಕೊಲ್ಹಾಪುರ, ಇಚಲಕರಂಜಿ, ಶಹಾಪುರ, ಗಡಹಿಂಗ್ಲಜ್ ಭಾಗದ ನಮ್ಮ ಸದಸ್ಯರಲ್ಲಿ ಒಂದೆರಡು ಲಾರಿ ಇಟ್ಟುಕೊಂಡು ಸಂಸಾರ ನಡೆಸುವವರು ಕಡಿಮೆಯಿಲ್ಲ. ಅವರು ಸೇರಿದಲ್ಲೆಲ್ಲ ಕೇಳಿಬರುವ ಮಾತು ಒಂದೇ: "ಹೊರಗಿನ ಗಾಡಿಗಳು ಬಂದು ನಮ್ಮ ಬಾಡಿಗೆ ಕೆಡಿಸಿದವು." ಅತ್ತ ನಿಪ್ಪಾಣಿ, ಸಂಕೇಶ್ವರ, ಚಿಕ್ಕೋಡಿ ಕಡೆಯ ಮಾಲೀಕರೂ ಎಂಎಚ್ 09 ಗಾಡಿಗಳನ್ನು ತೋರಿಸಿ ಇದೇ ಮಾತು ಆಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಿದ್ದಾರೆ, ಇಬ್ಬರಿಗೂ ಕಂತು ಕಟ್ಟುವುದು ಕಷ್ಟವಾಗಿದೆ. ಹಾಗಾದರೆ ಬಾಡಿಗೆ ಹೋಗುತ್ತಿರುವುದಾದರೂ ಎಲ್ಲಿಗೆ?

ನಮ್ಮ ಭಾಗದ ಸರಕು ಹುಟ್ಟಿನಿಂದಲೇ ಗಡಿ ದಾಟುವಂಥದ್ದು. ಇಚಲಕರಂಜಿಯ ಮಗ್ಗಗಳಿಗೆ ತಮಿಳುನಾಡಿನಿಂದ ನೂಲು ಬರುತ್ತದೆ, ನೇಯ್ದ ಬಟ್ಟೆ ಗುಜರಾತ್, ರಾಜಸ್ಥಾನಕ್ಕೆ ಹೋಗುತ್ತದೆ. ಶಿರೋಲಿ, ಗೋಕುಳ ಶಿರಗಾಂವ ಫೌಂಡ್ರಿಗಳ ಎರಕದ ಮಾಲು ಪುಣೆಗೂ ಬೆಂಗಳೂರಿಗೂ ಹೋಗುತ್ತದೆ. ಗಡಹಿಂಗ್ಲಜ್ ಪೇಟೆಯ ಬೆಲ್ಲ, ಮೆಣಸಿನಕಾಯಿಗೆ ಸಂಕೇಶ್ವರ ಹತ್ತಿರದ ದಾರಿ. ಹೀಗಿರುವಾಗ ಗಡಿ ಮುಚ್ಚಿದರೆ ಮೊದಲು ನಿಲ್ಲುವುದು ನಮ್ಮದೇ ಗಾಡಿ.

ಗಡಿ ಸಡಿಲವಾದದ್ದು ಹಂತ ಹಂತವಾಗಿ. 2010ರ ಮೇ ತಿಂಗಳಿಂದ ನ್ಯಾಷನಲ್ ಪರ್ಮಿಟ್ ಪದ್ಧತಿ ಬದಲಾಯಿತು. ಮೊದಲು ರಾಜ್ಯಕ್ಕೆ ಇಷ್ಟೆಂದು ಬೇರೆ ಬೇರೆ ಕಟ್ಟುತ್ತಿದ್ದ ಹಣದ ಬದಲು, ವರ್ಷಕ್ಕೆ 15,000 ರೂಪಾಯಿ ಒಟ್ಟಿಗೆ ಕಟ್ಟಿದರೆ ದೇಶದ ಯಾವ ರಾಜ್ಯಕ್ಕಾದರೂ ಹೋಗಬಹುದು ಎಂದಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ತಪಾಸಣಾ ನಾಕೆಗಳು ಎದ್ದುಹೋದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ನಾಕೆಯ ಸರದಿಯಲ್ಲಿ ಕಳೆಯುತ್ತಿದ್ದ ಸಮಯ ಉಳಿಯಿತು. ಇದರ ಲಾಭ ಎಲ್ಲರಿಗೂ ಆಗಿದೆ. ಆದರೆ ದೂರದ ಗಾಡಿಗೆ ನಮ್ಮ ಊರು ಹತ್ತಿರವಾದಂತೆ, ಊರಿನ ಗಾಡಿಗೆ ಪೈಪೋಟಿ ಹೆಚ್ಚಾಯಿತು.

ಈ ಪೈಪೋಟಿಯ ಗುಟ್ಟು ಇರುವುದು ರಿಟರ್ನ್ ಲೋಡ್‌ನಲ್ಲಿ. ಒಂದು ಲೆಕ್ಕ ಹಾಕೋಣ. ಇಲ್ಲಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಲೀಟರಿಗೆ 4 ಕಿಲೋಮೀಟರ್ ಓಡುವ ಗಾಡಿಗೆ ಒಂದು ಕಡೆಗೆ 150 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 13,500 ರೂಪಾಯಿ. ಊರಿನ ಲಾರಿಯವನಿಗೆ ಮರಳಿ ಬರುವಾಗ ಮಾಲು ಸಿಗುವ ಖಾತ್ರಿಯಿಲ್ಲದಿದ್ದರೆ, ಹೋಗಿಬರುವ 27,000 ರೂಪಾಯಿಯ ಡೀಸೆಲನ್ನು ಹೋಗುವ ಬಾಡಿಗೆಯಲ್ಲೇ ಹುಟ್ಟಿಸಬೇಕು. ಟೋಲು, ಚಾಲಕನ ಭತ್ತೆ, ಟೈರು, ಕಂತು ಬೇರೆ. ಬೆಂಗಳೂರಿನಿಂದ ಮಾಲು ತಂದು ಇಲ್ಲಿ ಇಳಿಸಿದ ಗಾಡಿ ಹೇಗೂ ಹಿಂದಿರುಗಲೇಬೇಕು. ಅದರ ಮುಖ್ಯ ಬಾಡಿಗೆ ಆಗಲೇ ಬಂದಾಗಿದೆ. ಖಾಲಿ ಹೋಗುವುದಕ್ಕಿಂತ 15,000 ಸಿಕ್ಕರೂ ಅದಕ್ಕೆ ಲಾಭವೇ. ಏಜೆಂಟರು ಯಾರಿಗೆ ಮಾಲು ಕೊಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಹೊರಗಿನವರ ಮೋಸವೇನೂ ಇಲ್ಲ. ನಮ್ಮ ಗಾಡಿ ಬೆಂಗಳೂರಿನಲ್ಲಿ ಮಾಲು ಇಳಿಸಿ ಮರಳುವಾಗ ಅಲ್ಲಿನ ಮಾಲೀಕನಿಗೆ ನಾವು ಮಾಡುವುದೂ ಇದನ್ನೇ. ಪೆಟ್ಟು ಬೀಳುವುದು ಎರಡೂ ಊರುಗಳ ಚಿಕ್ಕ ಮಾಲೀಕರಿಗೆ. ಹಲವು ಊರುಗಳಲ್ಲಿ ಕಚೇರಿ ಇರುವ ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿ ಎರಡೂ ದಿಕ್ಕಿನ ಮಾಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಒಂದೇ ಲಾರಿಯವನು ಪರಊರಿನ ಏಜೆಂಟನ ಬಾಗಿಲಲ್ಲಿ ಎರಡು ದಿನ ಕಾಯುತ್ತಾನೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ; ನಿಂತ ಲಾರಿಯ ಲೆಕ್ಕವೂ ಹಾಗೆಯೇ.

ನಿಜವಾದ ಅನ್ಯಾಯ ಇರುವುದು ಬೇರೆ ಕಡೆ. ನ್ಯಾಷನಲ್ ಪರ್ಮಿಟ್ ಇರುವ ಗಾಡಿ ಹೊರರಾಜ್ಯದೊಳಗೆ ಒಂದು ಊರಿನಲ್ಲಿ ಮಾಲು ತುಂಬಿ ಅದೇ ರಾಜ್ಯದ ಇನ್ನೊಂದು ಊರಿನಲ್ಲಿ ಇಳಿಸುವಂತಿಲ್ಲ ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 90ನೇ ನಿಯಮ ಹೇಳುತ್ತದೆ. ಕೆಎ 23 ಗಾಡಿ ಇಚಲಕರಂಜಿಯಿಂದ ಹುಬ್ಬಳ್ಳಿಗೆ ಮಾಲು ಒಯ್ಯಬಹುದು, ಭಿವಂಡಿಗೆ ಒಯ್ಯುವಂತಿಲ್ಲ. ಎಂಎಚ್ 09 ಗಾಡಿ ಬೆಳಗಾವಿಯಿಂದ ಕೊಲ್ಹಾಪುರಕ್ಕೆ ತರಬಹುದು, ಬೆಳಗಾವಿಯಿಂದ ಹುಬ್ಬಳ್ಳಿಗೆ ಒಯ್ಯುವಂತಿಲ್ಲ. ಊರಿನ ಗಾಡಿಯ ಅನ್ನ ಉಳಿಸುವ ನಿಯಮ ಇದು. ಇದನ್ನು ಮೀರಿದವರನ್ನು ಹಿಡಿಯಲು ರಸ್ತೆಯಲ್ಲಿ ಗಾಡಿ ತಡೆಯುವ ಅಗತ್ಯವೂ ಇಲ್ಲ. ಇ-ವೇ ಬಿಲ್‌ನಲ್ಲಿ ಮಾಲು ಹೊರಟ ಊರು, ತಲುಪುವ ಊರು, ಗಾಡಿಯ ನಂಬರು ಮೂರೂ ಇರುತ್ತವೆ.

ಡೀಸೆಲ್ ದರದ ಕಥೆ ಇನ್ನೊಂದು. ಕರ್ನಾಟಕದಲ್ಲಿ ಡೀಸೆಲ್ ಅಗ್ಗವೆಂದು ನಮ್ಮವರು ಕೊಗನೊಳಿ ದಾಟಿ ಟ್ಯಾಂಕ್ ತುಂಬಿಸುತ್ತಿದ್ದ ದಿನಗಳು ಎಲ್ಲರಿಗೂ ನೆನಪಿವೆ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಅದು ಶೇ. 21.17 ಆಯಿತು. ಬೆಂಗಳೂರಿನಲ್ಲಿ 86 ರೂಪಾಯಿಯ ಒಳಗಿದ್ದ ಲೀಟರ್ 91 ದಾಟಿತು, ಗಡಿಯ ಎರಡು ಬದಿಯ ಅಂತರ ಬಹುಮಟ್ಟಿಗೆ ಕರಗಿತು. ಅದೇ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ, ಡೀಸೆಲ್ ದರದ ಜೊತೆಗೆ ಗಡಿಯ ಆರ್‌ಟಿಒ ತಪಾಸಣಾ ಠಾಣೆಗಳನ್ನು ತೆಗೆಯಬೇಕೆಂಬುದೂ ಅವರ ಬೇಡಿಕೆಯಾಗಿತ್ತು. ನಮ್ಮವರ ದೂರೂ ಅದೇ. ಆದರೂ ಎರಡು ಕಡೆಯವರು ಒಟ್ಟಿಗೆ ಕೂತು ಮಾತಾಡಿದ್ದು ಅಪರೂಪ.

ಟೆಂಪೋ ಇಟ್ಟವರ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಮಹಾರಾಷ್ಟ್ರದೊಳಗೆ ಜಾಬ್ ವರ್ಕಿಗಾಗಿ 50 ಕಿಲೋಮೀಟರ್ ಒಳಗೆ ಸಾಗಿಸುವ ನೂಲು, ಬಟ್ಟೆಗೆ ಬೆಲೆ ಎಷ್ಟೇ ಇದ್ದರೂ ಇ-ವೇ ಬಿಲ್ ಬೇಡ ಎಂದು 2018ರಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಜಾಬ್ ವರ್ಕಿನ ಮಾಲು ರಾಜ್ಯದ ಗಡಿ ದಾಟಿದರೆ, ಬೆಲೆ ಎಷ್ಟು ಕಡಿಮೆ ಇದ್ದರೂ ಬಿಲ್ ಕಡ್ಡಾಯ. ಇಚಲಕರಂಜಿಯಿಂದ ಜಯಸಿಂಗಪುರಕ್ಕೆ ಹೋಗುವ ನೂಲಿಗೆ ಇಲ್ಲದ ಕಾಗದ, ಪಕ್ಕದ ಮಾಣಕಾಪುರದ ಮಗ್ಗಕ್ಕೆ ಹೋಗುವ ನೂಲಿಗೆ ಬೇಕು. ಬೀಮು, ನೂಲು ಹೊತ್ತು ದಿನಕ್ಕೆ ಎರಡು ಮೂರು ಸಲ ಓಡಾಡುವ ಟೆಂಪೋದವರಿಗೆ ಇದು ನಿತ್ಯದ ತಲೆನೋವು.

ಬೇರೆ ದೇಶಗಳಲ್ಲೂ ಈ ಜಗಳ ನಡೆದಿದೆ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದ 1994ರಲ್ಲಿ ಜಾರಿಗೆ ಬಂದಾಗ, ಮೆಕ್ಸಿಕೊದ ಲಾರಿಗಳು ತಮ್ಮ ಕೂಲಿ ಕಸಿಯುತ್ತವೆಂದು ಅಮೆರಿಕದ ಚಾಲಕರ ಸಂಘಟನೆ ವಿರೋಧಿಸಿತು. ಅಮೆರಿಕ ಗಡಿ ತೆರೆಯಲಿಲ್ಲ. 2009ರಲ್ಲಿ ಮೆಕ್ಸಿಕೊ ಅಮೆರಿಕದ ಸರಕಿನ ಮೇಲೆ ಸುಂಕ ಹಾಕಿ ಸೇಡು ತೀರಿಸಿಕೊಂಡಿತು. ಲಾರಿಯ ಜಗಳಕ್ಕೆ ದಂಡ ಕಟ್ಟಿದವರು ರೈತರು, ಕಾರ್ಖಾನೆಯವರು. 2011ರ ಒಪ್ಪಂದದ ನಂತರ ಪ್ರಾಯೋಗಿಕವಾಗಿ ಗಡಿ ತೆರೆದಾಗ ಮುಂದೆ ಬಂದ ಕಂಪನಿಗಳು ಬೆರಳೆಣಿಕೆಯಷ್ಟೇ. ಅಲ್ಲಿಯೂ ಹೊರಗಿನ ಲಾರಿ ದೇಶದೊಳಗಿನ ಎರಡು ಊರುಗಳ ನಡುವೆ ಮಾಲು ಸಾಗಿಸುವಂತಿಲ್ಲ.

ನಮ್ಮ ಗಡಿಯಲ್ಲಿ ಭಾಷೆಯೂ ಸೇರಿಕೊಳ್ಳುವುದರಿಂದ ವಿಷಯ ಇನ್ನಷ್ಟು ಸಿಕ್ಕಾಗುತ್ತದೆ. 2022ರ ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಮೇಲೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಂಬರ್ ಪ್ಲೇಟ್ ನೋಡಿ ಕಲ್ಲೆಸೆಯುವವನಿಗೆ ಒಳಗೆ ಕೂತವನ ಮನೆಮಾತು ಕನ್ನಡವೋ ಮರಾಠಿಯೋ ಗೊತ್ತಾಗುವುದಿಲ್ಲ. ಇಲ್ಲಿ ನೆಲೆಸಿದ ಕನ್ನಡಿಗನ ಗಾಡಿಗೆ ಎಂಎಚ್ ಪ್ಲೇಟೇ ಇರಬೇಕು, ಕಾಯ್ದೆ ಹೇಳುವುದೇ ಹಾಗೆ. ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟರೆ ಅಲ್ಲಿನ ನಂಬರು ಪಡೆಯಬೇಕು. ಗಡಿಯಲ್ಲಿ ಗಲಾಟೆಯಾದಾಗಲೆಲ್ಲ ಮೊದಲು ಗಾಜು ಒಡೆಯುವುದು, ಬಾಡಿಗೆ ತಪ್ಪುವುದು ನಮ್ಮವರದೇ.

ಆದ್ದರಿಂದ "ಹೊರಗಿನ ಗಾಡಿ ತಡೆಯಿರಿ" ಎಂಬ ಕೂಗಿನ ಬದಲು ಕೆಲವು ನಿರ್ದಿಷ್ಟ ಕೆಲಸಗಳನ್ನು ಹಿಡಿಯುವುದು ಲೇಸು. ಒಂದು, 90ನೇ ನಿಯಮವನ್ನು ಇ-ವೇ ಬಿಲ್ ಮಾಹಿತಿ ನೋಡಿ ಜಾರಿ ಮಾಡಿ ಎಂದು ಕೊಲ್ಹಾಪುರ, ಬೆಳಗಾವಿ ಎರಡೂ ಕಡೆಯ ಸಾರಿಗೆ ಕಚೇರಿಗಳಿಗೆ ಒಂದೇ ಮನವಿ ಕೊಡುವುದು. ಎರಡು, 50 ಕಿಲೋಮೀಟರ್ ವಿನಾಯಿತಿ ಗಡಿಯಾಚೆಯ ಮಗ್ಗಗಳಿಗೂ ಸಿಗಲಿ ಎಂದು ಎರಡೂ ರಾಜ್ಯಗಳ ಮೂಲಕ ಜಿಎಸ್‌ಟಿ ಮಂಡಳಿಯನ್ನು ಕೇಳುವುದು. ಮೂರು, ಯಾರ ಮಾಲೋ ಅವರದೇ ಹಮಾಲ ಎಂದು ಕೊಲ್ಹಾಪುರದ ಲಾರಿ ಮಾಲೀಕರು ವರಾಯಿಯ ವಿರುದ್ಧ ಎತ್ತಿದ ಬೇಡಿಕೆಗೆ ಗಡಿಯಾಚೆಯ ಮಾಲೀಕರನ್ನೂ ಸೇರಿಸಿಕೊಳ್ಳುವುದು.

ಎಲ್ಲಕ್ಕಿಂತ ಮುಖ್ಯವಾದದ್ದು ರಿಟರ್ನ್ ಲೋಡ್. ಇಚಲಕರಂಜಿ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿಯ ಚಿಕ್ಕ ಮಾಲೀಕರು ತಮ್ಮಲ್ಲೇ ಮಾಲಿನ ಸುದ್ದಿ ಹಂಚಿಕೊಂಡು, ಇದಕ್ಕಿಂತ ಕೆಳಗೆ ಮರಳು ಬಾಡಿಗೆ ಒಪ್ಪುವುದಿಲ್ಲ ಎಂದು ನಿಂತರೆ ಖಾಲಿ ಓಟ ಕಡಿಮೆಯಾಗುತ್ತದೆ. ಎರಡೂ ಭಾಷೆ ಬಲ್ಲ, ಎರಡೂ ಕಡೆ ಬೀಗರು ಬಿಜ್ಜರು ಇರುವ ನಮ್ಮ ಸದಸ್ಯರಿಗೆ ಇದು ಉಳಿದವರಿಗಿಂತ ಸುಲಭ. ಲಾರಿ, ಟೆಂಪೋ ಇರುವ ಸದಸ್ಯರು ಸಂಘದ ಸಭೆಗೆ ಬರುವಾಗ ಕಳೆದ ಮೂರು ತಿಂಗಳ ಲೆಕ್ಕ ಬರೆದು ತನ್ನಿ: ಹೋಗುವಾಗಿನ ಬಾಡಿಗೆ, ಮರಳುವಾಗಿನ ಬಾಡಿಗೆ, ಖಾಲಿ ಬಂದ ಸಲ, ಕಾದ ದಿನ. ಮನವಿಯ ಜೊತೆ ಆ ಲೆಕ್ಕ ಇಟ್ಟರೆ ಅಧಿಕಾರಿಗಳು ಬಾಯಿಮಾತೆಂದು ತಳ್ಳಿಹಾಕುವುದು ಕಷ್ಟವಾಗುತ್ತದೆ.