ಹವಳದ ಲೆಕ್ಕ ಇಡುವವರು

ಮಕ್ಕಳೇ, ಶಾಲೆಯಲ್ಲಿ ವರ್ಷಕ್ಕೊಮ್ಮೆ ನಿಮ್ಮ ಎತ್ತರ, ತೂಕ ಅಳೆದು ಬರೆದಿಡುತ್ತಾರಲ್ಲವೇ? ಒಂದೇ ವರ್ಷದ ಅಳತೆಯಿಂದ ಹೆಚ್ಚೇನೂ ತಿಳಿಯದು. ನಾಲ್ಕಾರು ವರ್ಷಗಳದ್ದನ್ನು ಪಕ್ಕಪಕ್ಕ ಇಟ್ಟರೆ ಮಗು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಗೊತ್ತಾಗುತ್ತದೆ. ಕಡಲೊಳಗಿನ ಹವಳದ ದಿಬ್ಬಗಳಿಗೂ ಹೀಗೆಯೇ ಲೆಕ್ಕ ಇಡುವವರಿದ್ದಾರೆ.

ನಮ್ಮ ಕರಾವಳಿಯಾಚೆ ಅರಬ್ಬಿ ಸಮುದ್ರದಲ್ಲಿ ಲಕ್ಷದ್ವೀಪವಿದೆ. ಅದರ ಅಮಿನದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಒಟ್ಟು 36 ದ್ವೀಪಗಳು. ಎಲ್ಲ ಕೂಡಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. ಜನ ಇರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಮಂದಿ. ಅವರು ನಿಂತಿರುವ ನೆಲವೇ ಹವಳದ ಮರಳು. ಅಬ್ಬರಿಸಿ ಬರುವ ಅಲೆಗಳನ್ನು ಮೊದಲು ತಡೆಯುವುದು ಹವಳದ ದಿಬ್ಬ. ಅಲ್ಲಿನವರು ಗಾಳ ಹಾಕಿ ಟ್ಯೂನಾ ಮೀನು ಹಿಡಿಯಲು ಬಳಸುವ ಪುಟ್ಟ ಮೀನುಗಳೂ ಇದೇ ಹವಳದ ಆಸರೆಯಲ್ಲಿ ಸಿಗುತ್ತವೆ.

ಹವಳ ಕಲ್ಲಿನಂತೆ ಕಂಡರೂ ಅದನ್ನು ಕಟ್ಟುವುದು ಪಾಲಿಪ್ ಎಂಬ ಪುಟಾಣಿ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಬಣ್ಣವೂ ಬಹುಮಟ್ಟಿಗೆ ಅದರದೇ. ಬೇಸಿಗೆಯ ಎಂದಿನ ಬಿಸಿಗಿಂತ ನೀರು ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಈ ಗೆಳೆತನ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಬದುಕೀತು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ.

ಇದನ್ನು ಎಣಿಸುವುದು ಹೇಗೆ? ವಿಜ್ಞಾನಿಗಳು ಆಮ್ಲಜನಕವಿರುವ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮುಳುಗುತ್ತಾರೆ. ದಿಬ್ಬದ ಮೇಲೆ ಅಳತೆ ಪಟ್ಟಿ ಹಾಸಿ, ಅದರ ಗುಂಟ ಎಷ್ಟು ಜಾಗದಲ್ಲಿ ಜೀವಂತ ಹವಳವಿದೆ, ಎಷ್ಟರಲ್ಲಿ ಸತ್ತ ಹವಳ, ಮರಳು, ಪಾಚಿ ಇದೆ ಎಂದು ನೋಡುತ್ತಾರೆ. ನೀರೊಳಗೆ ಬರೆಯಲು ಪ್ಲಾಸ್ಟಿಕ್ ಹಲಗೆ ಮತ್ತು ಸಾಮಾನ್ಯ ಪೆನ್ಸಿಲ್ ಸಾಕು. ಮುಖ್ಯವಾದುದು ಮುಂದಿನ ಸಲವೂ ಅಲ್ಲಿಗೇ ಹೋಗಿ ಅದೇ ರೀತಿ ಅಳೆಯುವುದು.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡ್ಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ ಹೀಗೆ ಲೆಕ್ಕ ಇಟ್ಟಿದ್ದಾರೆ. 1998, 2010, 2016ರಲ್ಲಿ ಕಡಲು ಕಾದಿತು. ಆರಂಭದಲ್ಲಿ ಶೇಕಡ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇಕಡ 20ಕ್ಕಿಂತ ಕೆಳಗಿಳಿದಿತ್ತು. ಇದೇ ಲೆಕ್ಕದಿಂದ ಒಂದು ಆಸೆಯ ಸಂಗತಿಯೂ ತಿಳಿಯಿತು: ಆರು ವರ್ಷ ಬಿಸಿ ತಾಗದಿದ್ದರೆ ಹವಳ ಚುರುಕಾಗಿ ಚೇತರಿಸಿಕೊಳ್ಳುತ್ತದೆ. ಆದರೆ 2024ರಲ್ಲಿ ಅಲ್ಲಿ ಹವಳ ಮತ್ತೆ ಬಿಳಿಚಿತು. ಬಿಸಿಯ ಪೆಟ್ಟುಗಳ ನಡುವೆ ಬಿಡುವು ಸಿಗುವುದೇ ಈಗಿನ ಪ್ರಶ್ನೆ.

ಇಂಥ ಲೆಕ್ಕ ಒಬ್ಬರ ಆಯುಷ್ಯದಲ್ಲಿ ಮುಗಿಯುವುದಿಲ್ಲ. ಪೆನ್ಸಿಲನ್ನು ಮುಂದಿನವರ ಕೈಗೆ ಕೊಡಬೇಕು. ಆಸಕ್ತಿಯಿರುವ ಮಕ್ಕಳ ತಂದೆ-ತಾಯಿಯರಿಗೆ ಒಂದು ಮಾತು: ಕಡಲ ಜೀವಶಾಸ್ತ್ರವನ್ನು ನಮ್ಮ ಕಾರವಾರದಲ್ಲೇ ಸ್ನಾತಕೋತ್ತರ ಮಟ್ಟದಲ್ಲಿ ಕಲಿಯಬಹುದು. ಆಮೇಲೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರ ಫೆಲೋಶಿಪ್ ಗಳಿಸಿದರೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ (2023ರಿಂದ ಜಾರಿಯಲ್ಲಿರುವ ದರ).

ಅಲ್ಲಿಯವರೆಗೆ, ಮಕ್ಕಳೇ, ಮನೆ ಹತ್ತಿರದ ಒಂದು ಕೆರೆಯನ್ನೋ ಮರವನ್ನೋ ಆರಿಸಿಕೊಳ್ಳಿ. ಪ್ರತಿ ಭಾನುವಾರ ಒಂದೇ ಹೊತ್ತಿಗೆ ಹೋಗಿ, ಎಷ್ಟು ಬಗೆಯ ಹಕ್ಕಿಗಳು ಬಂದಿವೆ ಎಂದು ದಿನಾಂಕದೊಂದಿಗೆ ಬರೆದಿಡಿ. ಒಂದೂ ಕಾಣದ ದಿನ ಸೊನ್ನೆ ಹಾಕುವುದನ್ನು ಮರೆಯಬೇಡಿ. ಅದೂ ಲೆಕ್ಕವೇ.