ಭಾರದ ರಾಕೆಟ್ಟಿಗೆ ತಕ್ಕ ಮೋಟರು

ನಮ್ಮ ಹೆಣ್ಣುಮಕ್ಕಳು ಮಾದರಿ ರಾಕೆಟ್ಟಿನ ವಿದ್ಯೆಯನ್ನು ಕಲಿಯಬೇಕೆಂದರೆ ಹಿರಿಯರಿಂದ ಎರಡು ಬಗೆಯ ಮಾತುಗಳು ಕೇಳಿಬರುವವು. ಹುಡುಗಿಯರಿಗೆ ಬೆಂಕಿಯ ಸಹವಾಸವೇಕೆಂಬುದು ಒಂದು. ನಳಿಗೆಯನ್ನು ಅಂಟಿಸಿ ಬಣ್ಣ ಬಳಿಯುವ ಕೆಲಸವನ್ನು ಅವರು ಮಾಡಲಿ, ಮೋಟರನ್ನು ಅಣ್ಣಂದಿರು ಆರಿಸಿ ತರಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಸುಲಭವಾದದ್ದು. ದಿನಕ್ಕೆರಡಾವರ್ತಿ ಒಲೆಯ ಮುಂದೆ ನಿಲ್ಲುವವರಿಗೆ ಬೆಂಕಿಯ ಗುಣವು ತಿಳಿಯದ ವಿಷಯವಲ್ಲ. ಎರಡನೆಯ ಮಾತೇ ಹೆಚ್ಚು ಹಾನಿಕರವಾದದ್ದೆಂದು ನನ್ನ ಅಭಿಪ್ರಾಯ. ರಾಕೆಟ್ಟಿನ ವಿದ್ಯೆಯ ಸಾರವೆಲ್ಲ ಮೋಟರಿನ ಆಯ್ಕೆಯಲ್ಲಿಯೇ ಅಡಗಿರುವದು. ಅದನ್ನು ಕಸಿದುಕೊಂಡರೆ ಹುಡುಗಿಯ ಪಾಲಿಗೆ ಬಣ್ಣದ ಡಬ್ಬಿ ಮಾತ್ರ ಉಳಿಯುವದು.

ಕಾರ್ಖಾನೆಯಲ್ಲಿ ಸಿದ್ಧವಾದ ಮೋಟರಿನ ಮೇಲೆ ಒಂದು ಅಕ್ಷರವೂ ಒಂದು ಅಂಕೆಯೂ ಇರುವವು. ಅಕ್ಷರವು ಮೋಟರಿನ ಒಟ್ಟು ಶಕ್ತಿಯ ವರ್ಗವನ್ನು ಹೇಳುವದು. ಒಂದೊಂದು ಅಕ್ಷರ ಮುಂದೆ ಹೋದಂತೆ ಆ ವರ್ಗದ ಮಿತಿಯು ಇಮ್ಮಡಿಯಾಗುವದು. ಅಂಕೆಯು ಸರಾಸರಿ ನೂಕುಬಲವನ್ನು ನ್ಯೂಟನ್ನಿನ ಅಳತೆಯಲ್ಲಿ ತಿಳಿಸುವದು. ಹಲವರು ಅಕ್ಷರವನ್ನೇ ನೋಡಿ ದೊಡ್ಡದನ್ನು ಕೊಳ್ಳುತ್ತಾರೆ. ಭಾರವಾದ ರಾಕೆಟ್ಟು ಕೆಡುವದು ಇಲ್ಲಿಯೇ.

ಮೋಟರು ಸಹಿತವಾಗಿ 500 ಗ್ರಾಂ ತೂಗುವ ರಾಕೆಟ್ಟನ್ನು ತೆಗೆದುಕೊಳ್ಳೋಣ. ಅದರ ಭಾರವು ಸುಮಾರು 5 ನ್ಯೂಟನ್. ನೂಕುಬಲವು ಭಾರದ ಐದು ಪಟ್ಟಿಗೆ ಕಡಿಮೆಯಿರಬಾರದೆಂಬುದು ಬಲ್ಲವರು ಪಾಲಿಸುವ ನಿಯಮ. ಎಂದರೆ ಇಲ್ಲಿ 25 ನ್ಯೂಟನ್ನಾದರೂ ಬೇಕು. ಎಫ್ 10 ಮತ್ತು ಎಫ್ 50 ಎಂಬೆರಡು ಮೋಟರುಗಳು ಒಂದೇ ವರ್ಗದವು. ಮೊದಲನೆಯದು ಏಳು ಸೆಕೆಂಡು ಮೆಲ್ಲಗೆ ಉರಿಯುವದು. ಎರಡನೆಯದು ಒಂದೂವರೆ ಸೆಕೆಂಡಿನಲ್ಲಿ ಅಷ್ಟೇ ಶಕ್ತಿಯನ್ನು ಮುಗಿಸುವದು. ಒಂದು ಮೀಟರ್ ಉದ್ದದ ಸರಳಿನಿಂದ ಬಿಡುವಾಗ ನಮ್ಮ ರಾಕೆಟ್ಟಿನ ವೇಗವು ಎಫ್ 10ರಿಂದ ಸೆಕೆಂಡಿಗೆ ಸುಮಾರು 4 ಮೀಟರ್, ಎಫ್ 50ರಿಂದ ಸುಮಾರು 13 ಮೀಟರ್. ವೇಗವಿಲ್ಲದ ರಾಕೆಟ್ಟಿನ ರೆಕ್ಕೆಗಳು ಗಾಳಿಯಲ್ಲಿ ಹಿಡಿತ ಪಡೆಯಲಾರವು. ಅದು ಗಾಳಿ ಬರುವ ಕಡೆಗೆ ಮೂತಿ ತಿರುಗಿಸುವದು.

ನಮ್ಮ ಸೀಮೆಯಲ್ಲಿ ಇದು ಅಲ್ಪವಾದ ವಿಷಯವಲ್ಲ. ಭಟ್ಕಳದಿಂದ ಕುಮಟೆಯ ವರೆಗೆ ನಮಗಿರುವದು ಘಟ್ಟಕ್ಕೂ ಸಮುದ್ರಕ್ಕೂ ನಡುವಣ ಕಿರಿದಾದ ನೆಲ. ಹೊತ್ತೇರಿದಂತೆ ಕಡಲ ಗಾಳಿ ಬೀಸುವದು. ದುರ್ಬಲವಾದ ರಾಕೆಟ್ಟು ದೋಣಿಗಳಿರುವ ಕಡೆಗೇ ಬಾಗುವದು. ಆದುದರಿಂದ ಗಾಳಿ ಅಡಗಿದ ಮುಂಜಾವನ್ನೂ, ಮನೆ ತೋಟಗಳಿಂದ ದೂರವಾದ ಬಯಲನ್ನೂ, ಸ್ಥಳದ ಅಧಿಕಾರಿಗಳ ಅನುಮತಿಯನ್ನೂ ಮೋಟರಿನೊಡನೆಯೇ ಯೋಚಿಸತಕ್ಕದ್ದು. ಮೋಟರಿನ ಮೇಲಣ ಕೊನೆಯ ಅಂಕೆಯು ಉರಿ ಮುಗಿದ ಮೇಲೆ ಕೊಡೆ ಬಿಚ್ಚುವದಕ್ಕೆ ಎಷ್ಟು ಸೆಕೆಂಡು ಎಂಬುದನ್ನು ತಿಳಿಸುವದು. ಅದೇ ಮೋಟರಿನಿಂದ ಭಾರದ ರಾಕೆಟ್ಟು ಹಗುರವಾದದ್ದರಷ್ಟು ಹೊತ್ತು ಏರಲಾರದು. ಅದಕ್ಕೆ ಚಿಕ್ಕ ಅಂಕೆಯೇ ಕ್ಷೇಮ.

ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಘಟ್ಟದ ಮೇಲಣ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಟೀಪುವಿನ ಕಾಲದ ಸಾವಿರಕ್ಕೂ ಮಿಕ್ಕಿದ ರಾಕೆಟ್ಟುಗಳು ದೊರೆತವು. ಕಬ್ಬಿಣದ ನಳಿಗೆಯು ಹೆಚ್ಚಿನ ಒತ್ತಡವನ್ನು ತಾಳುತ್ತಿದ್ದುದರಿಂದಲೇ ಅವು ತಮ್ಮ ಭಾರವನ್ನು ಹೊತ್ತು ದೂರ ಹಾರುತ್ತಿದ್ದವು. ಆದರೆ ಯುದ್ಧದ ಕಬ್ಬಿಣವು ಶಾಲೆಗೆ ಸಲ್ಲದು. ಒಡೆದರೆ ಅದರ ಚೂರುಗಳು ಪ್ರಾಣ ತೆಗೆಯುವವು. 1957ರಲ್ಲಿ ಸ್ಪುಟ್ನಿಕ್ ಹಾರಿದ ಬಳಿಕ ಅಮೇರಿಕೆಯ ಹುಡುಗರು ಲೋಹದ ಕೊಳವೆಗಳಲ್ಲಿ ಮದ್ದು ತುಂಬಿ ಕೈಕಾಲು ಕಳೆದುಕೊಂಡರು. ಅಂಥ ಅನಾಹುತವನ್ನು ತಪ್ಪಿಸುವದಕ್ಕಾಗಿಯೇ ಕಾರ್ಖಾನೆಯ ಸಿದ್ಧ ಮೋಟರು ಬಳಕೆಗೆ ಬಂದಿತು. ಮನೆಯಲ್ಲಿ ಮದ್ದರೆಯುವದನ್ನು ಯಾವ ಪಾಲಕರೂ ಸಹಿಸಕೂಡದು.

ಹೆಣ್ಣುಮಕ್ಕಳಿಗೆ ಈ ಲೆಕ್ಕ ಒಗ್ಗದೆನ್ನುವವರು ಚಂದ್ರಯಾನ-2ರ ಸಂಗತಿಯನ್ನು ನೆನೆಯಲಿ. ನೌಕೆಯ ತೂಕವು ಬೆಳೆದು 3850 ಕಿಲೋಗ್ರಾಮಿಗೆ ಮುಟ್ಟಿದಾಗ, ಮೊದಲು ನಿಶ್ಚಯಿಸಿದ್ದ ರಾಕೆಟ್ಟನ್ನು ಬಿಟ್ಟು ಅದಕ್ಕಿಂತ ಬಲವಾದ ಜಿ.ಎಸ್.ಎಲ್.ವಿ. ಮಾರ್ಕ್ ಮೂರನ್ನು ಆರಿಸಿಕೊಳ್ಳಬೇಕಾಯಿತು. 2019ರ ಜುಲೈ 22ರಂದು ಅದು ಹಾರಿತು. ಆ ಯೋಜನೆಯ ನಿರ್ದೇಶಕಿಯಾಗಿದ್ದವರು ಬೆಂಗಳೂರಿನ ಉಪಗ್ರಹ ಕೇಂದ್ರದ ಎಂ. ವನಿತಾ ಅವರು. ತೂಕಕ್ಕೆ ತಕ್ಕ ಬಲವೆಂಬ ನಿಯಮವು ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ಆಗಿದೆ.

ಆದಕಾರಣ ಪಾಲಕರಲ್ಲಿಯೂ ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ಮಗಳು ರಾಕೆಟ್ಟು ಕಟ್ಟಿದರೆ ಮೋಟರನ್ನು ನೀವಾಗಿಯೇ ತಂದುಕೊಡಬೇಡಿರಿ. ಮೊದಲು ಅವಳ ಕೈಗೆ ತಕ್ಕಡಿಯನ್ನು ಕೊಡಿರಿ. ತೂಗಲಿ, ಐದರಿಂದ ಗುಣಿಸಲಿ, ಅಂಕೆಯನ್ನು ಓದಲಿ. ಭಾರ ಹೆಚ್ಚೆಂದು ಕಂಡರೆ ದೊಡ್ಡ ಮೋಟರನ್ನು ಕೇಳುವ ಮೊದಲು ಅನಾವಶ್ಯಕವಾದ ಅಂಟನ್ನೂ ಅಲಂಕಾರವನ್ನೂ ಕಳೆಯಲಿ. ಹಿರಿಯರು ಪಕ್ಕದಲ್ಲಿ ನಿಂತು ಬೆಂಕಿಯನ್ನು ಕಾಯಲಿ. ಆಯ್ಕೆಯು ಮಾತ್ರ ಅವಳದೇ ಆಗಿರಲಿ.